ಅತ್ತೆಯ ಕೆನ್ನೆಯೊಳಗಿನ ಬಿಳಿ ಮಚ್ಚೆ

ನನ್ನ ಮುಂದಿನ ಹಲ್ಲು ಮುರಿದದ್ದು ರೇಷ್ಮೆ ಎಳೆ ಕಚ್ಚಿ ಅಂದರೆ ಯಾರೂ ನಂಬಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ ಇವೆ. ಎಳೆ ಕಡಿದಾಗ ಮಗ್ಗ ನಿಲ್ಲಿಸಿ, ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಲ್ಲೇ ಕಡಿಯುವುದು ನನ್ನ ಅಭ್ಯಾಸ. ಕತ್ತರಿ ಹುಡುಕುವಷ್ಟರಲ್ಲಿ ಇನ್ನೆರಡು ಗಂಟು ಹಾಕಬಹುದು. ಇಪ್ಪತ್ತು ವರ್ಷ ಹಾಗೆ ಕಚ್ಚಿ ಕಚ್ಚಿ ಹಲ್ಲಿನ ಅಂಚು ಸವೆದು ತಗ್ಗು ಬಿದ್ದಿತ್ತು. ಒಂದು ಬೆಳಿಗ್ಗೆ ಆ ಜಾಗದಿಂದ ಚೂರು ಹಾರಿತು. ತಣ್ಣೀರು ಬಾಯಿಗಿಟ್ಟರೆ ನೆತ್ತಿವರೆಗೂ ಝುಮ್ ಅನ್ನೋದು.

ಬಸ್ ಸ್ಟ್ಯಾಂಡಿನ ಹತ್ತಿರ ಹಲ್ಲಿನ ಡಾಕ್ಟರಮ್ಮ ಒಬ್ಬರಿದ್ದಾರೆ. ಇದೇ ಊರಿನ ಹುಡುಗಿ, ಅಪ್ಪನಿಗೆ ಪೇಟೆಯಲ್ಲಿ ಕಬ್ಬಿಣದ ಅಂಗಡಿ. ಮನೆಯಲ್ಲಿ ಉರ್ದು, ನಮ್ಮ ಹತ್ತಿರ ನಮ್ಮದೇ ಕನ್ನಡ. ಒಬ್ಬಳೇ ಹೋಗಲು ಹೆದರಿಕೆಯಾಗಿ ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ನನ್ನ ಹಲ್ಲಿಗೆ ಸಿಮೆಂಟಿನಂಥದ್ದೇನೋ ತುಂಬಿ ಸರಿಮಾಡಿದರು. "ಅಕ್ಕ, ಹಲ್ಲು ಇರೋದು ಅಗಿಯೋಕೆ. ಕತ್ತರಿ ಕೆಲಸ ಕತ್ತರೀನೇ ಮಾಡ್ಲಿ" ಅಂದರು. ವಸಡಿನಲ್ಲಿ ರಕ್ತ ಬರುತ್ತೆ, ಅದಕ್ಕೇ ಗಟ್ಟಿ ಬ್ರಷ್‌ನಲ್ಲಿ ಉಪ್ಪು ಹಾಕಿ ಉಜ್ಜುತ್ತೀನಿ ಅಂದೆ. ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಪಾಚಿ ಕಟ್ಟಿದ್ದಕ್ಕೆ ರಕ್ತ ಬರುತ್ತಿದೆ, ಅದನ್ನು ಕ್ಲೀನ್ ಮಾಡಿಸಬೇಕು, ಆಮೇಲೆ ಮೆತ್ತನೆ ಬ್ರಷ್ ಹಿಡಿದು ನಿಧಾನವಾಗಿ ಉಜ್ಜಬೇಕು ಅಂದರು. "ದಿನಕ್ಕೆ ಎಷ್ಟು ಟೀ ಕುಡೀತೀರಾ?" ಅಂತ ಕೇಳಿದರು. ಆರು ಅಂದೆ. "ಆರೂ ಸಕ್ಕರೆ ಹಾಕಿ. ರಾತ್ರಿ ಹಲ್ಲುಜ್ಜದೆ ಮಲಗೋದು. ಹುಳುಕು ಹಿಡೀದೆ ಇನ್ನೇನಾಗುತ್ತೆ?"

ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಬಲಗೆನ್ನೆ ಎಂದಿನಂತೆ ಉಬ್ಬಿತ್ತು. ಅವರು ಹದಿನಾರನೇ ವಯಸ್ಸಿಗೆ ಮದುವೆಯಾಗಿ ಬಂದಾಗ ಹಲ್ಲುನೋವಿಗೆ ಅಂತ ಯಾರೋ ಹೊಗೆಸೊಪ್ಪಿನ ಕಡ್ಡಿಪುಡಿ ಒತ್ತಿಕೊಳ್ಳಲು ಹೇಳಿದ್ದರಂತೆ. ನೋವು ಹೋಯಿತು, ಕಡ್ಡಿಪುಡಿ ಉಳಿಯಿತು. ಮಗ್ಗದ ಸದ್ದಿನಲ್ಲಿ ಮಾತಂತೂ ಆಗಲ್ಲ, ಬಾಯಿಗೆ ಏನಾದರೂ ಬೇಕು.

"ಅಜ್ಜಿ, ಅದನ್ನ ಉಗಿದು ಬನ್ನಿ, ನಿಮ್ಮ ಬಾಯೂ ನೋಡ್ತೀನಿ."

"ನನಗೇನಾಗಿದೆ ತಾಯಿ? ಸೊಸೆ ಜೊತೆ ಬಂದೆ ಅಷ್ಟೆ."

"ಖಾರ ತಿಂದ್ರೆ ಉರಿಯುತ್ತಾ?"

ಅತ್ತೆ ಎದ್ದು ಹೋಗಿ ಕಡ್ಡಿಪುಡಿ ಉಗಿದು ಬಂದರು. ಆರು ತಿಂಗಳಿಂದ ನಮ್ಮಿಬ್ಬರಿಗೂ ಸಾರಿನ ವಿಷಯಕ್ಕೇ ಜಗಳ. ಖಾರ ಅಂತ ಅವರು, ಬೇಕಂತಲೇ ಹೆಸರಿಡ್ತಾರೆ ಅಂತ ನಾನು. ಒಂದು ದಿನ ತಟ್ಟೆ ಎತ್ತಿಕೊಂಡು ಹೋಗಿ ಕೊಟ್ಟಿಗೆಗೆ ಸುರಿದು ಬಂದಿದ್ದೆ.

ಡಾಕ್ಟರಮ್ಮ ಟಾರ್ಚ್ ಬಿಟ್ಟು ನನ್ನನ್ನೂ ಕರೆದು ತೋರಿಸಿದರು. ಕಡ್ಡಿಪುಡಿ ಇಡುವ ಜಾಗದಲ್ಲೇ, ಹಾಲಿನ ಕೆನೆ ಅಂಟಿಕೊಂಡಂತೆ ಬಿಳಿ ಮಚ್ಚೆ. ಉಜ್ಜಿದರೂ ಹೋಗಲಿಲ್ಲ. ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿಸಬೇಕು, ಬೆಂಗಳೂರಿಗೆ ಬರೆದುಕೊಡ್ತೀನಿ ಅಂದರು.

ಆಟೋದಲ್ಲಿ ಅತ್ತೆ ಒಂದೇ ಮಾತು ಕೇಳಿದರು. "ಅದೇನಾ?"

"ಗೊತ್ತಿಲ್ಲ ಅತ್ತೆ."

ಬೆಂಗಳೂರಿನಲ್ಲಿ ಚೂರು ತೆಗೆಸಿ ಬಂದ ಮೇಲೆ, ರಿಪೋರ್ಟ್ ಬರುವವರೆಗಿನ ಒಂಬತ್ತು ದಿನ ಮನೆಯಲ್ಲಿ ಯಾರೂ ಆ ಕಾಯಿಲೆಯ ಹೆಸರೆತ್ತಲಿಲ್ಲ. ನಾನು ಸಾರಿಗೆ ಮೆಣಸಿನಪುಡಿ ಹಾಕಲಿಲ್ಲ, ಅದರ ಬಗ್ಗೆಯೂ ಯಾರೂ ಮಾತಾಡಲಿಲ್ಲ. ಕ್ಯಾನ್ಸರ್ ಅಲ್ಲ ಅಂತ ಬಂತು. ಆದರೆ ಕಡ್ಡಿಪುಡಿ ಬಿಡದಿದ್ದರೆ ಮುಂದೆ ಆಗಬಹುದು ಅಂದರು ಡಾಕ್ಟರಮ್ಮ.

ಬಿಡುವುದು ಸುಲಭವಾಗಲಿಲ್ಲ. ಮೊದಲ ವಾರ ಅತ್ತೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಾ ಸೋಂಪು ಅಗಿದರು, ತಲೆನೋವು ಅಂದರು, ಕಾರಣವಿಲ್ಲದೆ ರೇಗಿದರು. ಇಪ್ಪತ್ತನೇ ದಿನ ನೂಲಿನ ಬುಟ್ಟಿಯ ಅಡಿಯಲ್ಲಿ ಪೊಟ್ಟಣ ಸಿಕ್ಕಿತು. ಒಲೆಗೆ ಹಾಕಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೇ ದಿನ ತಾವಾಗೇ ಬಂದು, "ಇನ್ನೊಂದು ಅಕ್ಕಿ ಡಬ್ಬದಲ್ಲಿದೆ, ಅದನ್ನೂ ಹಾಕ್ಬಿಡು" ಅಂದರು.

ನಾನು ಕತ್ತರಿಯನ್ನು ದಾರದಲ್ಲಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡೆ. ಅಷ್ಟಾದರೂ ಎಷ್ಟೋ ಸಲ ಎಳೆ ಬಾಯಿಗೆ ಹೋಗಿರುತ್ತದೆ, ಆಮೇಲೆ ನೆನಪಾಗುತ್ತದೆ. ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಹಿತ್ತಲ ನಲ್ಲಿ ಹತ್ತಿರ ನಿಂತು ಹಲ್ಲುಜ್ಜುತ್ತೇವೆ.

ಮೂರು ತಿಂಗಳಿಗೆ ಮಚ್ಚೆ ತೆಳುವಾಯಿತು, ಪೂರ್ತಿ ಹೋಗಿಲ್ಲ. ತಪ್ಪದೆ ತೋರಿಸಲು ಹೋಗುತ್ತೇವೆ. ಹೋದ ಸಲ ಅತ್ತೆ ಪಕ್ಕದ ಮನೆಯ ಗೆಳತಿಯನ್ನೂ ಹೊರಡಿಸಿದರು, ಅವರೂ ಕಡ್ಡಿಪುಡಿಯವರೇ. ಪುಣ್ಯಕ್ಕೆ ಮಚ್ಚೆ ಇರಲಿಲ್ಲ. ಎರಡು ಹುಳುಕು ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು, ಆಟೋದಲ್ಲಿ ಮೂಕಿಯಂತೆ ಕೂತಿದ್ದರು. ಮನೆ ಮುಟ್ಟುವ ತನಕ ಅತ್ತೆ ಒಬ್ಬರೇ ಮಾತಾಡಿದರು.