ಬೆನ್ನಿನ ಮೇಲಿನ ಕೂದಲು

ಹಳೇ ತಲೆದಿಂಬೊಂದು ಹೊಲಿಗೆ ಬಿಟ್ಟಿತ್ತು. ಹೊಸ ಹತ್ತಿ ತುಂಬೋಣವೆಂದು ಹೋದ ವಾರ ಬಿಚ್ಚಿದರೆ ಒಳಗಿನಿಂದ ಬಿಳಿ, ಕಂದು ಕೂದಲಿನ ಉಂಡೆಗಳು ಬಂದವು. ಒಣಗಿ ಪುಡಿಯಾದ ಬೇವಿನೆಲೆಯ ಘಾಟು, ಅದರ ಕೆಳಗೆ ನಾಯಿಯ ಮೈವಾಸನೆ... ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಕೆಲಸ ಅಲ್ಲೇ ಬಿಟ್ಟೆ. ಆ ಕೂದಲು ಕತ್ತರಿಸಿದವರು ಪಕ್ಕದ ಮನೆಯ ತಾತ. ಬಿಸಾಕಬೇಡ, ದಿಂಬಿಗಾದೀತು ಎಂದು ಬೇವಿನೆಲೆ ಸೇರಿಸಿ ಗಂಟು ಕಟ್ಟಿ ಕೊಟ್ಟವರೂ ಅವರೇ.

ರಾಯದುರ್ಗದಲ್ಲಿ ನಮ್ಮದು ಬೆಟ್ಟದ ಬುಡದ ಕೊನೆಯ ಸಾಲು. ನಮ್ಮ ಮನೆ, ತಾತನ ಮನೆ, ಆಮೇಲೆ ಬರೀ ಬಂಡೆ ಮತ್ತು ಸೀತಾಫಲದ ಗಿಡಗಳು. ತಾತ ಗುಮ್ಮಘಟ್ಟದ ಕಡೆಯವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಊರೂರು ತಿರುಗಿ ಕುರಿಗಳ ತುಪ್ಪಟ ಕತ್ತರಿಸುವುದು ಅವರ ಕಸುಬು. ನನ್ನದು ಮನೆಯಲ್ಲೇ ಪ್ಯಾಂಟು ಹೊಲಿಯುವ ಕೆಲಸ. ನಮ್ಮ ಯಜಮಾನರು ಹೊಲಿದ ಕಟ್ಟುಗಳನ್ನು ಹೊತ್ತು ಬೆಳಗಿನ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದರೆ ಬರುವುದು ಸಂಜೆಗೆ. ನಾವಿಬ್ಬರೂ ಕತ್ತರಿ ನಂಬಿದವರು ಎಂದು ತಾತ ತಮಾಷೆ ಮಾಡುತ್ತಿದ್ದರು.

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಬಿದ್ದರೂ ಮಂಚ ಹತ್ತುವವಳು. ಅಂಥವಳು ಒಂದು ಮುಂಜಾನೆ ಹಿತ್ತಲ ಬಾಗಿಲು ತೆಗೆದರೆ ನಾಲ್ಕು ಮಾರು ದೂರದಲ್ಲಿ ಕರಡಿ! ಸೀತಾಫಲ ತಿನ್ನುತ್ತಿತ್ತು. ತಲೆ ಎತ್ತಿ ನನ್ನನ್ನು ನೋಡಿತು. ಮೂತಿಗೆಲ್ಲ ಹಣ್ಣಿನ ಬಿಳಿ ಮೆತ್ತಿಕೊಂಡಿತ್ತು. ಅದು ತನ್ನ ಪಾಡಿಗೆ ಬೆಟ್ಟ ಹತ್ತಿ ಹೋದ ಮೇಲೂ ನನ್ನ ಕಾಲು ನೆಲ ಬಿಡಲಿಲ್ಲ. ಅವತ್ತಿನಿಂದ ಹಾಡಹಗಲಲ್ಲೂ ಮಿಷನ್ನನ್ನು ಗೋಡೆಗೆ ಸರಿಸಿಕೊಂಡು, ಗೋಡೆಗೆ ಬೆನ್ನು ತಾಗಿಸಿಯೇ ಕೂತು ಹೊಲಿಯುತ್ತಿದ್ದೆ.

ನಾಯಿ ಸಾಕೋಣವೆಂದು ತೀರ್ಮಾನವಾಯಿತು. ಎಂಥದ್ದು ಎಂಬುದೇ ದೊಡ್ಡ ಚರ್ಚೆ. ಯಜಮಾನರಿಗೆ ಸಣ್ಣ ಕೂದಲಿನ, ತೆಳ್ಳಗಿನ ಜಾತಿಯದು ಇಷ್ಟ. ತಾತ ಕುರಿಹಟ್ಟಿಯಿಂದ ಒಂದು ನಾಯಿ ತಂದುಕೊಡುತ್ತೇನೆ, ಬಿಸಿಲು ಮಳೆ ಕಂಡಿರುವಂಥದ್ದು ಎಂದರು. ಅಂಥ ಬಡಕಲು ನಾಯಿಗಳನ್ನು ಕರಡಿ ಒಂದೇ ಏಟಿಗೆ ಮುಗಿಸುತ್ತದೆ ಎಂದು ನಾನು ಹಟ ಹಿಡಿದೆ. ಮೊಬೈಲಿನಲ್ಲಿ ಒಂದು ಫೋಟೋ ಕಂಡಿದ್ದೆ. ಸೇಂಟ್ ಬರ್ನಾರ್ಡ್, ಕರುವಿನಷ್ಟು ಎತ್ತರ, ಮೈತುಂಬ ದಪ್ಪ ಕೂದಲು. ಹಿಮ ಬೀಳುವ ದೇಶದ ನಾಯಿ. ಬೆಂಗಳೂರಿನ ಮಾರಾಟದವನು ಫ್ಯಾನಿನ ಗಾಳಿ ಸಾಕು, ಏನೂ ಆಗಲ್ಲ ಎಂದ. ನನಗೆ ಬೇಕಿದ್ದದ್ದೂ ಅದೇ ಮಾತು. ತಾತ ಫೋಟೋ ನೋಡಿ, "ಇದು ಕಂಬಳಿ ಹೊತ್ಗೊಂಡು ಹುಟ್ಟೇತಮ್ಮ. ನಮ್ಮ ಬಿಸಿಲಿಗೆ ಕರ್ಕೊಂಬಂದು ಯಾಕ ಗೋಳು ಹೊಯ್ಕೊಂತಿ?" ಎಂದರು. ನಾನು ಕೇಳಲಿಲ್ಲ.

ಚಳಿಗಾಲದಲ್ಲಿ ಭೀಮ ಬಂದ. ನೋಡಿದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅವನೋ ಕುಕ್ಕರ್ ಕೂಗಿದರೆ ಮಂಚದ ಕೆಳಗೆ ನುಗ್ಗುತ್ತಿದ್ದ. ಹಿಂಬದಿಯೆಲ್ಲ ಹೊರಗೇ ಉಳಿಯುತ್ತಿತ್ತು. ನನಗೆ ತಕ್ಕ ಜೋಡಿ. ಆದರೂ ಅವನು ಹಿತ್ತಲಲ್ಲಿದ್ದರೆ ನನಗೆ ಉಸಿರಾಡಲು ಆಗುತ್ತಿತ್ತು.

ಶಿವರಾತ್ರಿ ಕಳೆದದ್ದೇ ತಡ, ಬಂಡೆಗಳು ಕಾಯತೊಡಗಿದವು. ಭೀಮ ಬಚ್ಚಲ ಕಲ್ಲಿನ ಮೇಲೆ ಬಿದ್ದುಕೊಂಡು ದಿನವಿಡೀ ತೇಕುತ್ತಿದ್ದ. ಅವನ ಉಸಿರಿನ ಸದ್ದು ಮಿಷನ್ನಿನ ಸದ್ದಿನಲ್ಲೂ ಕೇಳುತ್ತಿತ್ತು. ಎಲ್ಲಿ ಸತ್ತುಹೋಗುತ್ತಾನೋ ಎಂಬ ಹೆದರಿಕೆ ಕರಡಿಯ ಹೆದರಿಕೆಯ ಜೊತೆ ಸೇರಿಕೊಂಡಿತು. ಬೇಸಿಗೆಗೆ ಕುರಿಗಳ ಮೈ ಹಗುರ ಮಾಡುವುದನ್ನು ನೋಡಿ ಬೆಳೆದವರು ನಾವು. ಹಾಗೇ ಇವನಿಗೂ ಮಾಡಿಬಿಡಿ ಎಂದು ತಾತನನ್ನು ಕರೆದೆ. ಯಜಮಾನರು ಆ ಸಲ ಎರಡು ದಿನ ಬಳ್ಳಾರಿಯಲ್ಲೇ ಉಳಿದಿದ್ದರು. ತಾತ ಭೀಮನ ಮೈಗೆ ಬೆರಳು ತೂರಿಸಿ ಬಹಳ ಹೊತ್ತು ನೋಡಿದರು. ಒಳಗೊಂದು ಪದರ, ಹೊರಗೊಂದು ಪದರ ಇದೆ, ಇದು ಕುರಿಯಂತಲ್ಲ ಎಂದರು.

"ಹೊಟ್ಟಿ ಕೆಳಗಿಂದಷ್ಟ ತೆಗೀತೀನಿ. ಬೆನ್ನಿಂದು ಇರ್ಲಿ ಬಿಡಮ್ಮ."

"ಪೂರಾ ತೆಗೀರಿ ತಾತ. ನಂಗ ನೋಡಕ್ಕಾಗವಲ್ದು," ಎಂದೆ.

ಅವರು ಇನ್ನೊಂದು ಸಲ ಬೇಡವೆಂದರು. ನಾನು ಅಳತೊಡಗಿದೆ. ಅತ್ತರೆ ತಾತ ಸೋಲುತ್ತಾರೆಂದು ನನಗೆ ಗೊತ್ತಿತ್ತು. ಕೊನೆಗೆ ಕತ್ತರಿ ಹಿಡಿದರು. ಒಂದೂ ಗಾಯವಾಗದ ಹಾಗೆ ಪೂರ್ತಿ ಕತ್ತರಿಸಿ, ಕುರಿಯನ್ನೂ ಹೀಗೆ ಮಾಡಿದ ಮೇಲೆ ನಾಲ್ಕು ದಿನ ಬಿಸಿಲಿಗೆ ಬಿಡುವುದಿಲ್ಲ, ಇವನನ್ನು ಮನೆಯೊಳಗೇ ಇಟ್ಟುಕೋ ಎಂದು ಹೇಳಿ ಹೋದರು.

ಮಾರನೆಯ ದಿನ ಬೀದಿ ನಲ್ಲಿಯ ಹತ್ತಿರ ಕರಡಿಯ ಹೆಜ್ಜೆ ಕಂಡಿತೆಂದು ಸುದ್ದಿ ಬಂತು. ಭೀಮನನ್ನು ಕಾವಲಿಗೆ ಹಿತ್ತಲಲ್ಲಿ ಕಟ್ಟಿದೆ. ಗೋಡೆಯ ನೆರಳಿತ್ತು, ಪಕ್ಕದಲ್ಲೇ ನೀರಿಟ್ಟಿದ್ದೆ. ಬಾಗಿಲು ಹಾಕಿಕೊಂಡು ಹೊಲಿಯಲು ಕೂತೆ. ನೆರಳು ಸರಿಯುತ್ತದೆ ಎಂಬುದು ತಲೆಗೆ ಹೊಳೆಯಲಿಲ್ಲ... ಮಧ್ಯಾಹ್ನ ತಾತ ಗೋಡೆಯಾಚೆಯಿಂದ ಕೂಗಿದಾಗ ಓಡಿಹೋದೆ. ಭೀಮ ಕಾಲು ಚಾಚಿ ಬಿದ್ದಿದ್ದ. ಬೋಳು ಬೆನ್ನು ಕೆಂಪಗೆ ಸುಟ್ಟಿತ್ತು. ನೀರಿನ ಬಟ್ಟಲು ಸರಪಳಿಗೆ ಸಿಕ್ಕಿ ಉರುಳಿತ್ತು. ತಾತ ಗೋಡೆ ಹಾರಿ ಬಂದು ಒದ್ದೆ ಗೋಣಿಚೀಲ ಹೊದಿಸಿದರು, ಹೊಟ್ಟೆಗೆ, ಪಾದಕ್ಕೆ ನೀರು ಸುರಿದರು. ನಾನು ಕೊಡ ಹಿಡಿದುಕೊಂಡು ನಿಂತಿದ್ದೆ.

ದನದ ಡಾಕ್ಟರು ಬರುವಷ್ಟರಲ್ಲಿ ಯಜಮಾನರೂ ಬಳ್ಳಾರಿಯಿಂದ ಬಂದಿದ್ದರು. ಡಾಕ್ಟರು ಬೆನ್ನು ಮುಟ್ಟಿ ನೋಡಿ, ಈ ಕೂದಲೇ ಇದಕ್ಕೆ ಬಿಸಿಲಿನ ಮರೆ, ಯಾರು ಬೋಳಿಸಿದ್ದು ಎಂದು ಕೇಳಿದರು. ಯಜಮಾನರ ಮುಖ ನೋಡಿದೆ, ಹೆದರಿಕೆಯಾಯಿತು. ತಾತ ಒಂದು ಸಲ ನನ್ನ ಕಡೆ ನೋಡಿದರು.

"ನಾನ ರೀ," ಎಂದರು.

ಇನ್ನೊಂದು ಮಾತು ಸೇರಿಸಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಭೀಮ ಹೋದ. ನಾನು ಬಾಯಿ ಬಿಡಲಿಲ್ಲ.

ಬೀದಿಯವರು ನಾಯಿ ಕೊಂದ ತಾತ ಎಂದು ಆಡಿಕೊಂಡರು. ಮಾತು ಹಟ್ಟಿಗಳವರೆಗೂ ಹೋಯಿತು. ಕುರಿಯವರು ಬೇರೆಯವರನ್ನು ಕರೆಯತೊಡಗಿದರು. ತಾತ ಜಗಲಿಯ ಮೇಲೆ ಕೈಕಟ್ಟಿ ಕೂತಿರುತ್ತಿದ್ದರು. ನನ್ನ ಮೇಲೆ ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವರು ಮಾತ್ರ ದಿನಾ ಬೆಳಗಾಗುವ ಮುಂಚೆ ದೊಣ್ಣೆ ಹಿಡಿದು ನಮ್ಮ ಹಿತ್ತಲ ಕಡೆ ನಿಂತು, "ಬಾರಮ್ಮ, ಏನಿಲ್ಲ," ಎನ್ನುತ್ತಿದ್ದರು. ನಾನು ಹೊರಗೆ ಹೋಗಿ ಬಂದು ಚಿಲಕ ಹಾಕುವವರೆಗೂ ಅಲ್ಲೇ ಇರುತ್ತಿದ್ದರು. ಅಷ್ಟು ಬೆಳಗುಗಳಲ್ಲಿ ಒಂದು ದಿನವಾದರೂ ಹೇಳಬಹುದಿತ್ತು...

ಮುಂದಿನ ವರ್ಷ ಅವರು ಗುಮ್ಮಘಟ್ಟದ ಮಗಳ ಮನೆಗೆ ಹೋಗಿಬಿಟ್ಟರು. ಮೈಯಲ್ಲಿ ಹುಷಾರಿಲ್ಲವೆಂದು ಕೇಳಿ ಶೇರ್ ಆಟೋ ಹತ್ತಿ ಹೋದೆ. ಮಗಳು ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಮ್ಮಪ್ಪನ ಮೇಲೆ ತಪ್ಪು ಹೊರಿಸಿದಾಕೆ ನೀನೇನಾ ಎಂದುಬಿಟ್ಟರೆ? ಅಷ್ಟೇ ಯೋಚನೆ ಬಂದದ್ದು. ಅದೇ ಆಟೋದಲ್ಲಿ ತಿರುಗಿ ಬಂದೆ. ತಿಂಗಳೊಳಗೆ ಸಾವಿನ ಸುದ್ದಿ ಬಂತು.

ಮೊನ್ನೆ ನಾವು ಊಟಕ್ಕೆ ಕೂತಾಗ ಮಡಕಶಿರದಿಂದ ನನ್ನ ಅಣ್ಣನ ಫೋನು. ಅವನೂ ಅಂಥದ್ದೇ ನಾಯಿ ತರಬೇಕೆಂದಿದ್ದಾನಂತೆ, ಸಾಕಬಹುದೇ ಎಂದು ಕೇಳಿದ. ಯಜಮಾನರು ಧಾರಾಳವಾಗಿ ಸಾಕಿರಿ, ಕೂದಲು ಮಾತ್ರ ಕತ್ತರಿಸಬೇಡಿ, ನಮ್ಮದನ್ನು ಒಬ್ಬ ಮುದುಕ ಕತ್ತರಿಸಿ ಕೊಂದ ಎಂದರು. ನಾನು ಫೋನು ಕಸಿದುಕೊಂಡೆ.

"ಆ ನಾಯಿ ನಮ್ಮ ಸೀಮೆಗೆ ಬ್ಯಾಡ ಕಣಣ್ಣ. ತಾತ ಮೊದ್ಲೇ ಹೇಳಿದ್ರು. ಬೆನ್ನಿಂದು ಬಿಡು ಅಂದ್ರು. ಪೂರಾ ತೆಗೀರಿ ಅಂತ ಹಟ ಮಾಡ್ದೋಳು ನಾನು. ಬಿಸಿಲಾಗೆ ಕಟ್ಟಿದೋಳೂ ನಾನೇ."

ಅಣ್ಣ ಏನೋ ಹೇಳಿದ, ಕಿವಿಗೆ ಬೀಳಲಿಲ್ಲ. ಯಜಮಾನರ ಕೈ ತುತ್ತಿನಲ್ಲೇ ನಿಂತಿತ್ತು. ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದರು. ನಿಮಗೆ ಹೆದರಿ ಎಂದೆ. ಅವರು ಬೈಯಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಾಯಿ ಸತ್ತ ಮ್ಯಾಲೂ ದಿನಾ ಬಸ್ಸಿಗೆ ಹೋಗ್ವಾಗ ಆತ ಮಾತಾಡಸ್ತಿದ್ದ. ನಾನು ಒಂದಿನಾನೂ ಹ್ಞೂಂ ಅನ್ಲಿಲ್ಲ," ಎಂದು ಕೈ ತೊಳೆದು ಎದ್ದು ಹೋದರು.