ಪಂಚಮಿ ಉಂಡಿಯ ಜೊತೆ ಹೋದ ಪುಸ್ತಕ

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಕಾಮಿಕ್ಸ್ ಓದುವ ಮಕ್ಕಳು ಎದುರಿಗೆ ಸಿಕ್ಕರೆ ಈಕೆಯೂ ಗೋಡೆ ಹತ್ತುತ್ತಾಳೇನೋ ಎನ್ನುವಂತೆ ನೋಡುತ್ತಾರೆ. ಗೋಡೆ ಹಾಳಾಗಲಿ, ಬಳ್ಳಾರಿ ಗಾಂಧಿನಗರದ ನನ್ನ ಬಾಡಿಗೆ ಮನೆಯಲ್ಲಿ ಹಲ್ಲಿ ಕಂಡರೆ ಪಕ್ಕದ ಮನೆಯವರನ್ನು ಕೂಗಿ ಕರೆಯುತ್ತೇನೆ. ಇಂಥವಳು ಹನ್ನೆರಡು ವರ್ಷಗಳಿಂದ ಸೂಪರ್‌ಹೀರೋ ಕತೆ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ.

ಶುರುವಾದದ್ದು ಮಕ್ಕಳ ಮಾಸಪತ್ರಿಕೆಯೊಂದರ ಕೊನೆಯ ಪುಟದಲ್ಲಿ. ಒಂದು ಪುಟ, ಆರು ಚೌಕ, ಅಷ್ಟೇ. ಈಗ ವರ್ಷಕ್ಕೆರಡು ಪುಸ್ತಕ. ಚಿತ್ರ ಬರೆಯುವವರು ಹುಬ್ಬಳ್ಳಿಯಲ್ಲಿದ್ದಾರೆ. ಯಾವ ಚೌಕದಲ್ಲಿ ಯಾರು ನಿಂತಿರಬೇಕು, ಮುಖ ಎತ್ತ ಇರಬೇಕು, ಕೈ ಎಲ್ಲಿರಬೇಕು ಎಂದು ನಾನು ಬರೆದು ಕಳಿಸುತ್ತೇನೆ. ನನ್ನ ನಾಯಕಿ ಬೇಕೆಂದಾಗ ಬೂದಿಯಾಗಿ ಬಾಗಿಲ ಸಂದಿಯಿಂದ ಒಳಗೆ ಹೋಗುತ್ತಾಳೆ, ಹೋಗಿ ಮತ್ತೆ ಹೆಂಗಸಾಗಿ ನಿಲ್ಲುತ್ತಾಳೆ. ಕುಡತಿನಿ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ವಿದ್ಯುತ್ ಸ್ಥಾವರದ ಹೊಗೆ ಚಿಮಣಿ ನೋಡುತ್ತ ಕೂತಾಗ ಹೊಳೆದವಳು. ಮಕ್ಕಳು ಅವಳನ್ನು ಬೂದಿ ಅಕ್ಕ ಎಂದು ಕರೆಯುತ್ತಾರೆ. ನಮ್ಮವ್ವ ಮಾತ್ರ, ಮದುವೆ ಮಾಡಿಕೊಳ್ಳುವ ವಯಸ್ಸಿನಲ್ಲಿ ನನ್ನ ಮಗಳು ಬೂದಿ ಬಡಿದುಕೊಂಡು ಕೂತಳು ಎಂದು ಕುರುಗೋಡಿನ ನಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು.

ನಾಯಕಿ ಸುಲಭ, ಖಳ ಕಷ್ಟ. ಎರಡು ತಲೆಯವನು, ರಾಕೆಟ್ಟಿನಲ್ಲಿ ಇಳಿಯುವವನು, ಇವರನ್ನು ಕಂಡರೆ ನನಗೆ ಭಯವೇ ಆಗುವುದಿಲ್ಲ. ಆದ್ದರಿಂದ ಎಲ್ಲಾದರೂ ಏನಾದರೂ ಕೇಳಿ ನನ್ನ ಎದೆ ಝಲ್ಲೆಂದಿದ್ದರೆ ಅದನ್ನೇ ಖಳನಿಗೆ ಕೊಡುತ್ತೇನೆ. ಯಾರದೋ ನಗು, ಯಾರದೋ ಕೆಮ್ಮು. ಎಲ್ಲಿಂದ ಬಂತೆಂದು ಕೇಳಿಕೊಳ್ಳುವುದಿಲ್ಲ. ಬರೆಯಲು ಕೂತಾಗ ತಾನಾಗಿ ಬರುತ್ತದೆ, ನಾನೇ ಕಲ್ಪಿಸಿದೆ ಎಂದು ಹಿಗ್ಗುತ್ತೇನೆ.

ನಮ್ಮ ಮನೆಯಲ್ಲಿ ಗಂಡುಮಕ್ಕಳಿಲ್ಲ, ನಾನು ಮತ್ತು ತಂಗಿ ಇಬ್ಬರೇ. ತಂಗಿಯನ್ನು ಸಿರುಗುಪ್ಪದ ರೈಸ್‌ಮಿಲ್ಲಿನವರ ಮನೆಗೆ ಕೊಟ್ಟಿದ್ದೆವು. ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡಿ ಹೋಗಬೇಕು. ಆ ಮನೆಯವರು ಹಿಂದಿನ ವರ್ಷವೂ ಕಳಿಸಲಿಲ್ಲ, ಆ ವರ್ಷವೂ ಮಿಲ್ಲಿನಲ್ಲಿ ಕೆಲಸ ಭಾಳ ಐತಿ ಅಂದರು. ಮಿಲ್ಲಿನಲ್ಲಿ ಅವಳಿಗೇನು ಕೆಲಸವೋ ದೇವರಿಗೇ ಗೊತ್ತು. ಮಗಳು ಬಾರದಿದ್ದರೆ ಉಂಡಿಯಾದರೂ ಹೋಗಲಿ ಎಂದು ಅವ್ವ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಕಟ್ಟಿ ಸ್ಟೀಲಿನ ಡಬ್ಬಿಗೆ ತುಂಬಿದಳು. ಡಬ್ಬಿಯನ್ನು ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟರಾಯಿತು, ಅಲ್ಲಿ ಬಸ್‌ಸ್ಟ್ಯಾಂಡಿಗೆ ಬಂದು ತಂಗಿಯ ಗಂಡ ಇಳಿಸಿಕೊಳ್ಳುತ್ತಾನೆ. ಡಬ್ಬಿಯ ಜೊತೆಗೆ ನನ್ನ ಹೊಸ ಪುಸ್ತಕದ ಮೊದಲ ಪ್ರತಿಯೂ ಹೋಗಬೇಕು, ಅದು ಅವ್ವ ಹಾಕಿದ ಕಟ್ಟಳೆ. ಸಣ್ಣವಳಿದ್ದಾಗ ನನ್ನ ಕತೆಗಳನ್ನೆಲ್ಲ ಮೊದಲು ಕೇಳುತ್ತಿದ್ದವಳು ತಂಗಿಯೇ.

ಪುಸ್ತಕದ ಕಟ್ಟು ಹಿಂದಿನ ದಿನವಷ್ಟೇ ಬಳ್ಳಾರಿಗೆ ಬಂದಿತ್ತು. ಬಿಚ್ಚಿ ಕೂಡ ನೋಡದೆ ಕುರುಗೋಡಿಗೆ ಹೊತ್ತು ತಂದಿದ್ದೆ. ಬೆಳಿಗ್ಗೆ ನಾನೇ ಹೋಗಿ ಡಬ್ಬಿ, ಪುಸ್ತಕ ಎರಡನ್ನೂ ಒಂದು ಕೈಚೀಲಕ್ಕೆ ಹಾಕಿ ಕಂಡಕ್ಟರಿಗೆ ಕೊಟ್ಟು ಬಂದೆ. ಮನೆಗೆ ಬಂದು, ಚಹಾ ಕುಡಿಯುತ್ತ, ಅಚ್ಚು ಹೇಗೆ ಬಂದಿದೆ ನೋಡೋಣವೆಂದು ನನ್ನ ಪ್ರತಿ ತೆರೆದೆ.

ಹದಿನೇಳನೇ ಪುಟದಲ್ಲಿ ಖಳನಿದ್ದ. ಬಿಳಿ ಅಂಗಿಯ, ಮೆತ್ತಗೆ ಮಾತಾಡುವ ಮನುಷ್ಯ. ಎಂದೂ ಕೂಗಾಡುವವನಲ್ಲ. ಯಾರಿಗಾದರೂ ಕೇಡು ಮಾಡುವ ಮೊದಲು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಅದರ ಪಟ್ಟಿಯನ್ನು ನೆಟ್ಟಗೆ ಮಾಡುತ್ತಾನೆ. ಹುಬ್ಬಳ್ಳಿಯ ಕಲಾವಿದರು ನಾಲ್ಕು ಚೌಕ ತುಂಬ ಬರೀ ಕೈಯನ್ನೇ ಬರೆದಿದ್ದರು. ಚಹಾದ ಲೋಟ ನನ್ನ ಕೈಯಿಂದ ಜಾರಿತು.

ಸಂಕ್ರಾಂತಿಯ ಸುಮಾರಿಗೆ ತಂಗಿ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದಳು: “ಅವರು ಬೈಯೋದಿಲ್ಲಕ್ಕಾ. ವಾಚ್ ಬಿಚ್ಚಿ ಟೇಬಲ್ ಮ್ಯಾಲ ಇಡ್ತಾರ, ಗಾಜು ಒಡೀಬಾರದಂತ. ಆಮ್ಯಾಲ ಶುರು ಮಾಡ್ತಾರ.” ಅಷ್ಟರಲ್ಲಿ ಯಾರೋ ಬಂದರೇನೋ, ಒಮ್ಮೆಲೇ ಉಪ್ಪಿನಕಾಯಿಗೆ ಎಷ್ಟು ಖಾರ ಹಾಕಬೇಕೆಂದು ಕೇಳತೊಡಗಿದಳು. ನಾನೂ ಹೇಳಿದೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕೈಕಾಲು ತಣ್ಣಗಾಗಿದ್ದವು. ಮತ್ತೆ ಅವಳಾಗಿ ಹೇಳಿದರೆ ನೋಡೋಣ, ಗಂಡ ಹೆಂಡಿರ ನಡುವೆ ನಾನ್ಯಾಕೆ ಎಂದು ಸುಮ್ಮನಾದೆ. ಅವ್ವನಿಗೂ ಹೇಳಲಿಲ್ಲ.

ಆ ಮಾತನ್ನು ಈಗ ಬಣ್ಣದಲ್ಲಿ ಅಚ್ಚು ಹಾಕಿಸಿ, ಉಂಡಿಯ ಜೊತೆ ಅವನ ಕೈಗೇ ಕಳಿಸಿಕೊಟ್ಟಿದ್ದೆ. ಓದಿದ ಕೂಡಲೇ ಅವನಿಗೆ ತಿಳಿಯುತ್ತದೆ, ಇದು ಹೆಂಡತಿಯ ಬಾಯಿಂದಲೇ ಹೊರಗೆ ಬಂದದ್ದೆಂದು. ಆಮೇಲೆ ಅವಳ ಗತಿ?

ತಂಗಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಅವನಿಗೇ ಫೋನ್ ಮಾಡಿ ಪುಸ್ತಕದಲ್ಲಿ ಅಚ್ಚು ಕೆಟ್ಟಿದೆ, ಓದಬೇಡಿ ಎನ್ನಲೇ ಅಂದುಕೊಂಡೆ. ಎಂಥ ಮೂರ್ಖಳು, ಹಾಗಂದರೆ ಓದದವನೂ ಓದುತ್ತಾನೆ. ಏನಾತು ಅಂತ ಅವ್ವ ಕೇಳುತ್ತಲೇ ಇದ್ದಳು. ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ಓಡಿದೆ.

ಬಸ್ಸಿನಲ್ಲಿ ಹಬ್ಬದ ಗದ್ದಲ. ಕಿಟಕಿಯ ಆಚೆ ಭತ್ತದ ಗದ್ದೆ, ಕೊಕ್ಕರೆ, ಯಾವುದೂ ಮುಗಿಯುತ್ತಲೇ ಇರಲಿಲ್ಲ. ತೆಕ್ಕಲಕೋಟೆಯಲ್ಲಿ ಡ್ರೈವರ್ ಇಳಿದು ನಿಧಾನವಾಗಿ ಬೀಡಿ ಹಚ್ಚಿದಾಗ ಅವನ ಕುತ್ತಿಗೆ ಹಿಡಿಯಬೇಕೆನಿಸಿತು. ತಂಗಿಯ ಗಂಡನಿಗೆ ಓದುವ ಅಭ್ಯಾಸವಿಲ್ಲ, ಚೀಲ ಹಾಗೇ ಮೂಲೆಯಲ್ಲಿ ಬಿದ್ದಿರುತ್ತದೆ ಎಂದು ಒಂದು ಗಳಿಗೆ ಅಂದುಕೊಳ್ಳುವೆ. ಮರುಗಳಿಗೆ ತಂಗಿ ಅಡುಗೆಮನೆಯ ನೆಲದಲ್ಲಿ ಕೂತಂತೆ ಕಾಣುವುದು.

ಮಿಲ್ಲಿನ ಹಿಂದೆಯೇ ಅವರ ಮನೆ. ಬಾಗಿಲು ತೆರೆದಿತ್ತು. ಅವನು ಸೋಫಾದ ಮೇಲೆ ಕೂತಿದ್ದ, ಪಕ್ಕದಲ್ಲಿ ಮುಚ್ಚಳ ತೆಗೆದ ಡಬ್ಬಿ, ತೊಡೆಯ ಮೇಲೆ ನನ್ನ ಪುಸ್ತಕ. ಅವನ ತಾಯಿ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಸೆರಗು ಹೊದ್ದು, ಮೈಗೆ ಏನೂ ಆಗಿರಲಿಲ್ಲ. ಸದ್ಯಕ್ಕೆ ಉಸಿರು ಬಂತು.

ಅವನು ಬಹಳ ಮರ್ಯಾದೆಯಿಂದ ಕೂಡ್ರಿಸಿದ. ನೀರು ತರಲು ತಂಗಿಗೆ ಹೇಳಿದ. ಉಂಡಿ ಚಲೋ ಆಗಿವೆ ಎಂದ. ಪುಸ್ತಕ ಪೂರ್ತಿ ಓದಿದೆ ಎಂದ. ಆಮೇಲೆ ಪುಟ ತಿರುವಿ ಹದಿನೇಳಕ್ಕೆ ಬಂದು, ಅದರ ಮೇಲೆ ಬೆರಳಿಟ್ಟ.

“ಒಂದು ಕೇಳ್ತೀನಿ ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಂಥಾವೆಲ್ಲ ನಿಮಗ ಯಾರು ಹೇಳ್ತಾರ?”

ಇಂಥ ಗಳಿಗೆಗೆಂದೇ ಬೂದಿ ಅಕ್ಕನ ಬಾಯಲ್ಲಿ ಎಷ್ಟು ಮಾತು ಬರೆದಿರಲಿಕ್ಕಿಲ್ಲ ನಾನು! ಒಂದೂ ನೆನಪಾಗಲಿಲ್ಲ.

“ಯಾರೂ ಹೇಳಿಲ್ಲರೀ,” ಅಂದೆ. “ನಾನಽ ತಲ್ಯಾಗಿಂದ ಬರದೀನಿ.”

ಅವನು ಹೌದೌದು ಎಂಬಂತೆ ತಲೆಯಾಡಿಸಿ ನಕ್ಕ. ಆ ನಗು ನೋಡಿ, ನಾನು ಬಸ್ಸು ಹತ್ತಿ ಹೋದ ಮೇಲೆ ಈ ಮನೆಯಲ್ಲಿ ಏನು ನಡೆಯುತ್ತದೆಂದು ಚೆನ್ನಾಗಿ ತಿಳಿಯಿತು. ನನ್ನ ಸುಳ್ಳಿನಿಂದ ಉಳಿದುಕೊಂಡವಳು ನಾನೊಬ್ಬಳೇ.

ತಂಗಿ ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟಳು. ನೆಟ್ಟಗೆ ನಿಂತು ಹೇಳಿದಳು: “ನಾನಽ ಹೇಳೀನಿ.”

ಅತ್ತೆಯ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತು. ಅವನ ಬಲಗೈ ಸುಮ್ಮನೆ ಎಡಗೈಯ ವಾಚಿನ ಕಡೆ ಹೋಯಿತು. ಅಷ್ಟರಲ್ಲಿ ಮಿಲ್ಲಿನ ಹಮಾಲರಿಬ್ಬರು ಲಾರಿ ಬಂದಿದೆ ಎನ್ನುತ್ತ ಬಾಗಿಲಿಗೆ ಬಂದು ನಿಂತರು. ನನಗೆ ಧೈರ್ಯ ಬಂತೆಂದು ತಿಳಿಯಬೇಡಿ, ಹೊರಗಿನವರು ಬಂದರಲ್ಲ, ಅಷ್ಟೇ. ಎದ್ದು ನಿಂತು, ಆ ಹಮಾಲರಿಗೂ ಕೇಳುವಂತೆ, ಪಂಚಮಿಗೆ ಮಗಳನ್ನು ಕರಕೊಂಡು ಬಾ ಎಂದು ಅವ್ವ ಕಳಿಸಿದ್ದಾಳೆ ಅಂದೆ. ಅವ್ವ ಏನೂ ಹೇಳಿರಲಿಲ್ಲ. ನಾಲ್ಕು ಮಂದಿಯ ಎದುರಿಗೆ ಹಬ್ಬದ ದಿನ ಹೆಣ್ಣುಮಗಳನ್ನು ತವರಿಗೆ ಕಳಿಸುವುದಿಲ್ಲ ಎನ್ನಲು ಅವನಿಗಾಗಲಿಲ್ಲ. ನಾಲ್ಕು ದಿನ ಇಟ್ಟುಕೊಂಡು ಕಳಿಸ್ರಿ ಅಂದ. ತಂಗಿ ಉಟ್ಟ ಸೀರೆಯಲ್ಲೇ ಹೊರಟಳು.

ಅವಳು ತಿರುಗಿ ಆ ಮನೆಗೆ ಹೋಗಿಲ್ಲ. ಅದು ಬೇರೆ ಕತೆ, ಹಿರಿಯರು ಕೂತದ್ದು, ವಕೀಲರ ಹತ್ತಿರ ಓಡಾಡಿದ್ದು ಎಲ್ಲ ಇದೆ. ನನ್ನನ್ನು ಇವತ್ತಿಗೂ ಕಾಡುವುದು ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ನಡೆದದ್ದು.

ಊರು ದಾಟುವ ತನಕ ಇಬ್ಬರೂ ಹಿಂದೆ ಹಿಂದೆ ನೋಡುತ್ತಿದ್ದೆವು. ಯಾವ ಕಾರು ಕಂಡರೂ ಅವನದೇ ಅನಿಸುತ್ತಿತ್ತು. ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಬಾಯಿ ಬಿಚ್ಚಿಕೊಂಡಿತು. ಆ ಪುಟ ನೋಡಿದಾಗ ಜೀವ ಹೋದಂತಾಯಿತು, ಚಹಾ ಚೆಲ್ಲಿದ್ದನ್ನೂ ಒರೆಸದೆ ಸಿಕ್ಕ ಬಸ್ಸು ಹತ್ತಿ ಓಡಿ ಬಂದೆ ಎಂದೆಲ್ಲ ಬಡಬಡಿಸಿದೆ. ಅವಳು ಕಿಟಕಿಯ ಸರಳು ಹಿಡಿದುಕೊಂಡು ಕೇಳುತ್ತಿದ್ದಳು.

“ಫೋನಿನ್ಯಾಗ ಹೇಳಿದೆನಲ್ಲಕ್ಕಾ,” ಅಂದಳು, “ಮರುದಿನ ನೀ ಬರ್ತಿ ಅಂತ ಬ್ಯಾಗ್ ತುಂಬಿ ಇಟ್ಟಿದ್ದೆ. ಎರಡು ದಿನ ದಾರಿ ನೋಡಿದೆ. ಆಮ್ಯಾಲ ಸೀರಿ ತಗದು ಮತ್ತ ಕಪಾಟಿನ್ಯಾಗ ಇಟ್ಟೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ನನಗೆ ಆ ಎರಡು ದಿನ ಚೆನ್ನಾಗಿ ನೆನಪಿದ್ದವು. ಗಾಂಧಿನಗರದ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಊಟ ಕೂಡ ಮರೆತು, ಇದೇ ಪುಸ್ತಕ ಬರೆಯುತ್ತ ಕೂತಿದ್ದೆ. ಬಹಳ ದಿನಗಳ ಮೇಲೆ ಕತೆ ಚೆನ್ನಾಗಿ ಸಾಗುತ್ತಿತ್ತು.