ಆಯಿಯ ಹಗೇವು, ಅರ್ಧ ತೋಡಿದ ಬಾವಿ

ನಮ್ಮ ಓಣಿಯ ಬಾವಿಗೆ ಇವತ್ತು ಮುಂಜಾನೆ ನೀರು ಬಿತ್ತು. ಮೊದಲ ಕೊಡ ಸೇದಿದವಳು ನನ್ನ ಮೊಮ್ಮಗಳು. ಇಷ್ಟನ್ನು ಬರೆದುಬಿಟ್ಟರೆ ನನಗೆ ಸಮಾಧಾನ, ಹಿಂದಿನದು ಮುಂದಿನದು ಆಮೇಲೆ. ಗಾಂವಟಿ ಸಾಲೆಯಲ್ಲಿ ಕಾಗುಣಿತ ಮುಗಿಯುವ ಮೊದಲೇ ದನ ಕಾಯಲು ಹೋದವನು ನಾನು. ಅಕ್ಷರ ಸೊಟ್ಟಗಿದ್ದರೆ ಓದುವವರೇ ನೆಟ್ಟಗೆ ಮಾಡಿಕೊಳ್ಳಬೇಕು. ಮುಂಜಾನೆಯಿಂದ ಕಂಡವರಿಗೆಲ್ಲ ಈ ಸುದ್ದಿ ಹೇಳಿದ್ದೇನೆ. ಅವರೂ ಬಾವಿಯ ದಂಡೆಯಲ್ಲೇ ನಿಂತು ನೋಡಿದವರು, ಆದರೂ ಹೇಳಿದ್ದೇನೆ.

ಮಧ್ಯಾಹ್ನ ಬಾವಿ ತೋಡಿದವರಿಗೆ ಕೊನೆಯ ಕೂಲಿಯ ಜೋಳ ಅಳೆಯಲು ಓಣಿಯ ಹಗೇವು ತೆಗೆದರು. ಗುಡಿಯ ಮುಂದೆ ನೆಲದೊಳಗೆ ತೋಡಿ, ಸುತ್ತ ಹುಲ್ಲು ಕಟ್ಟಿ ಜೋಳ ತುಂಬಿದ ಹಗೇವು ಅದು. ಬಾಯಿಯ ಹಾಸುಗಲ್ಲು ಸರಿಸಿದ ಕೂಡಲೇ ಬಿಸಿಯಾದ, ಹುಳಿಯಾದ, ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಅಲ್ಲಿಯವರೆಗೆ ನಗುತ್ತಾ ನಿಂತಿದ್ದವನು ತಲೆ ತಗ್ಗಿಸಿದೆ. ಆಯಿ ನೆನಪಾದಳು...

ಎದುರುಮನೆಯ ಆಯಿ ನನಗೆ ರಕ್ತದ ಸಂಬಂಧವಲ್ಲ, ಓಣಿಗೆಲ್ಲ ಆಯಿ. ಪ್ಲೇಗು ಬಂದುಹೋದ ಮೇಲಿನ ವರ್ಷಗಳವು, ನನ್ನದು ಮೀಸೆ ತಿರುವುವ ವಯಸ್ಸು. ಕಣದಲ್ಲಿ ರಾಶಿಯಾಯಿತೆಂದರೆ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಬರುತ್ತಿದ್ದಳು. ರಾಶಿ ಮನೆಗೆ ಹೊರುವ ಮೊದಲು ಒಂದು ಬುಟ್ಟಿ ಹಗೇವಿಗೆ ಹೋಗಬೇಕು. ಮನೆಗೆ ಹೋಗಿ ಕೊಡುತ್ತೇವೆ ಎಂದರೆ ಕೇಳುತ್ತಿರಲಿಲ್ಲ.

“ಹೊಸ್ತಿಲ ದಾಟಿದ ಜೋಳಕ್ಕ ತಿರುಗಿ ಹೊರಗ ಬರೂ ದಾರಿ ಗೊತ್ತಿರೂದಿಲ್ಲ. ಇಲ್ಲೇ ಹಾಕಪಾ.”

ಆ ಜೋಳ ಬಾವಿಗೆಂದು. ಆಗ ನಮ್ಮ ಹೆಂಗಸರು ಮಲಪ್ರಭೆಯಿಂದ ನೀರು ಹೊರುತ್ತಿದ್ದರು. ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ವರತಿ ತೋಡಿ, ನೀರು ಒಸರುವ ತನಕ ಕಾದು, ಬಟ್ಟಲಿನಿಂದ ಮೊಗೆದು ಕೊಡ ತುಂಬಬೇಕು. ಮದುವೆಯಾಗಿ ಬಂದಾಗ ಹೊತ್ತ ಕೊಡವನ್ನು ಆಯಿ ಮುಪ್ಪಿನಲ್ಲೂ ಇಳಿಸಿರಲಿಲ್ಲ. “ಓಣಿ ಬಾವ್ಯಾಗ ಒಮ್ಮಿ ಕೊಡ ಬಿಡತೇನಿ, ಆಮ್ಯಾಲ ಬೇಕಾದ್ರ ನನ್ನ ಹೊತ್ಕೊಂಡ ಹೋಗ್ರಿ” ಎನ್ನುತ್ತಿದ್ದಳು.

ಸುಗ್ಗಿಯಿಂದ ಸುಗ್ಗಿಗೆ ಹಗೇವು ತುಂಬಿತು. ಬಾವಿ ತೋಡುವವರು ಬಂದು ಗುಡಿಸಲು ಹಾಕಿದರು. ಅವರ ಕೂಲಿ, ಅವರ ಮಕ್ಕಳ ಊಟ ಎಲ್ಲ ಹಗೇವಿನಿಂದಲೇ. ಮಣ್ಣು ಮುಗಿದು ಕಲ್ಲು ಹತ್ತಿತು. ಕಲ್ಲೆಂದರೆ ಇನ್ನೂ ಬಹಳ ದಿನಗಳ ಕೆಲಸ.

ಅದೇ ವರ್ಷ ಬೈಲಹೊಂಗಲದ ಪೇಟೆಯಲ್ಲಿ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ನಾವು ಎರೆಹೊಲಕ್ಕೆಲ್ಲ ಹತ್ತಿಯನ್ನೇ ಹಾಕಿದ್ದೆವು. ಕೈತುಂಬ ರೊಕ್ಕ, ಮನೆಯಲ್ಲಿ ಜೋಳವಿಲ್ಲ. ಪೇಟೆಯಲ್ಲಿ ಜೋಳವಿತ್ತು. ಆದರೆ ಒಕ್ಕಲುತನದವನು ಜೋಳ ಕೊಂಡು ತಂದನೆಂದರೆ ನಾಲ್ಕು ಊರು ನಗುತ್ತವೆ. ಹೆಂಗಸರ ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಕೊಂಡೆವು, ಎತ್ತಿಗೆ ಹಿತ್ತಾಳೆ ಗೆಜ್ಜೆ ಕೊಂಡೆವು. ಜೋಳ ಕೊಳ್ಳಲು ಮಾತ್ರ ಮಾನ ಅಡ್ಡ ಬಂತು. ಹಗೇವು ಹಂಚಿಕೊಳ್ಳೋಣ ಎಂಬ ಮಾತು ಗುಡಿಯ ಕಟ್ಟೆಯ ಮೇಲೆ ಎದ್ದಿತು. ಎಬ್ಬಿಸಿದವನು ನಾನೊಬ್ಬನೇ ಅಲ್ಲ, ಆದರೆ ಎಲ್ಲರಿಗಿಂತ ಗಟ್ಟಿ ದನಿ ನನ್ನದು.

“ನೆಲದಾಗ ಹುಗದ ಜೋಳ ಮರಿ ಹಾಕತೈತೇನ ಆಯಿ?” ಅಂದೆ. ಕಟ್ಟೆಯೆಲ್ಲ ನಕ್ಕಿತು.

ಬಟ್ಟೆ ಅಂಗಡಿಯ ಕಾಕಾ ನನ್ನ ಪರ. “ಖರ್ಚ ಮಾಡಿದ್ರನ ಪ್ಯಾಟಿ ನಡಿಯೂದು. ಎಲ್ಲಾರೂ ಗಂಟ ಕಟ್ಟಿ ಕುಂತ್ರ ನೇಕಾರನೂ ಉಪಾಸ, ನಾನೂ ಉಪಾಸ.”

“ನೇಕಾರ ಉಣ್ಣಲಿ, ನೀನೂ ಉಣ್ಣಪಾ, ಯಾರ ಬ್ಯಾಡ ಅಂದಾರ?” ಅಂದಳು ಆಯಿ. “ಆದ್ರ ಇದ್ದದ್ದೆಲ್ಲಾ ಇವತ್ತ ಉಂಡ ಬಿಟ್ರ ನಾಳಿ ಕಲ್ಲ ಒಡಿಯಾಂವಗ ಏನ ಹಾಕ್ತೀರಿ?”

“ಮುಂದಿನ ಸುಗ್ಗಿಗೆ ತುಂಬೂಣಂತ ತಗೊ. ಬಾವಿ ಎಲ್ಲಿ ಓಡಿ ಹೊಕ್ಕೈತಿ?” ಅಂದೆ. ಮತ್ತೆ ನಕ್ಕರು.

ಹಂಚಿಕೊಂಡೆವು. ಆಯಿ ತನ್ನ ಪಾಲನ್ನು ಮನೆಗೆ ಒಯ್ಯಲಿಲ್ಲ, ಅಲ್ಲೇ ತಿರುಗಿ ಹಗೇವಿಗೆ ಸುರಿದಳು. ಅಷ್ಟೇ ಜೋಳಕ್ಕೆ ಅಷ್ಟು ದೊಡ್ಡ ಕಲ್ಲು ಮುಚ್ಚಬೇಕಾಗಿ ಬಂದಾಗಲೂ ನಾವು ನಕ್ಕೆವು. ಬಾವಿ ತೋಡುವವರು ಗುಡಿಸಲು ಕಿತ್ತು ಮುನವಳ್ಳಿಯ ದಾರಿ ಹಿಡಿದರು. ದನ ಬೀಳಬಾರದೆಂದು ಬಾವಿಯ ಸುತ್ತ ಮುಳ್ಳು ಹಚ್ಚಿದೆವು.

ಕಾಕಾ ಹೇಳಿದ್ದು ಸುಳ್ಳಲ್ಲ. ಆ ವರ್ಷ ಪೇಟೆ ಭರ್ಜರಿಯಾಗಿಯೇ ನಡೆಯಿತು. ಆದರೆ ಗೆಜ್ಜೆ ಹರಿಯಿತು, ಖಣ ಮಾಸಿತು. ಹತ್ತಿಯ ಬೆಲೆ ಇಳಿಯಿತು, ಏರಿತು, ಮತ್ತೆ ಇಳಿಯಿತು. ಮುಂದಿನ ಸುಗ್ಗಿ ಎಂಬುದು ಮಾತ್ರ ಬರಲೇ ಇಲ್ಲ... ನನ್ನ ಹೆಂಡತಿಯ ನೆತ್ತಿಯ ಕೂದಲು ಕೊಡದ ಸಿಂಬಿಯ ಕೆಳಗೆ ಸವೆದುಹೋಯಿತು. ಆಮೇಲೆ ಸೊಸೆಯಂದಿರು ಹೊತ್ತರು. ಅವರು ಹೊಳೆಯಿಂದ ಏರಿ ಬರುವುದನ್ನು ನಾನು ಅದೇ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ.

ಆಯಿ ಒಂದು ಬೇಸಿಗೆಯಲ್ಲಿ ಹೋದಳು. ಕೊನೆಗೆ ಅವಳ ಬಾಯಿಗೆ ಬಿಟ್ಟ ನೀರು ಸಹ ವರತಿಯದೇ, ನನ್ನ ಹೆಂಡತಿ ಹೊತ್ತು ತಂದದ್ದು. ಅಷ್ಟು ವರ್ಷಗಳಲ್ಲಿ ಆಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ಏನಾದರೂ ಅಂದು ಜಗಳಾಡಿ ಹಗುರಾಗುತ್ತಿದ್ದೆನೇನೋ...

ಅವಳ ಬುಟ್ಟಿಯನ್ನು ನನ್ನ ಹೆಂಡತಿ ಎತ್ತಿಕೊಂಡಳು, ಅವಳಿಂದ ಸೊಸೆಯಂದಿರು, ಅವರ ಬೆನ್ನಿಗೆ ಮೊಮ್ಮಗಳು. ಗಂಡಸರನ್ನು ಅವರು ಕೇಳಲಿಲ್ಲ, ಕಣಕ್ಕೆ ಬಂದು ತುಂಬಿಕೊಂಡು ಹೋದರು. ಬೇಡ ಎನ್ನಲು ನಮಗೆ ಮುಖವಿರಲಿಲ್ಲ. ಹಗೇವು ತುಂಬಿದ ಮೇಲೆ ಬಾವಿ ತೋಡುವವರನ್ನು ಮತ್ತೆ ಕರೆಸಿದವರೂ ಅವರೇ. ಇಂದು ನೀರಾದದ್ದು ಆ ಜೋಳ.

ಸಂಜೆ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಒಟ್ಟಿಗೆ ಊಟಕ್ಕೆ ಕುಳಿತೆವು. ಕೂಲಿ ಅಳೆದು ಉಳಿದ ಹಗೇವಿನ ಜೋಳದ ರೊಟ್ಟಿ, ಪುಂಡಿಪಲ್ಲೆ. ಆ ಮುಗ್ಗಲು ವಾಸನೆಗೆ ಸಣ್ಣ ಹುಡುಗರು ಮೂಗು ಮುರಿದರು, ಅವರ ಅವ್ವಂದಿರು ಬೈದರು. ಮೊಮ್ಮಗಳು ಮೊದಲ ರೊಟ್ಟಿ, ಒಂದು ತಂಬಿಗೆ ನೀರು ಆಯಿಯ ಹೆಸರಿನಲ್ಲಿ ತೆಗೆದಿಟ್ಟು ಉಳಿದವರಿಗೆ ಬಡಿಸಿದಳು. ನನ್ನ ಮುಂದಿನ ತಂಬಿಗೆಯನ್ನು ನಾನು ಮುಟ್ಟದೆ ಕುಳಿತಿದ್ದೆ.

“ಕುಡೀರಲ್ಲ,” ಅಂದಳು ಹೆಂಡತಿ. “ನೀವು ಹೇಳಿದ್ದು ಖರೇನ ಆತು. ಬಾವಿ ಎಲ್ಲೂ ಓಡಿ ಹೋಗಲಿಲ್ಲ.”

ಸೊಸೆಯಂದಿರು ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ತಂಬಿಗೆ ಎತ್ತಿ ಕುಡಿದೆ. ನೀರು ತಣ್ಣಗಿತ್ತು, ಸಿಹಿಯಾಗಿತ್ತು. ರೊಟ್ಟಿ ಮುರಿದು ಎಲ್ಲರ ಜೊತೆ ಉಂಡೆ.